ತಮ್ಮಯ್ಯನ ಬಾಯಿಸಾಣೆ

ಕೊಟ್ಟಿಗೆಯ ಮುಂದಿನ ಅಂಗಳ ಗುಡಿಸಿ, ನೀರು ಚಿಮುಕಿಸಿ, ಮನೆಯಲ್ಲಿದ್ದ ಒಂದೇ ಕೈಕುರ್ಚಿಯನ್ನು ನಡುವೆ ಹಾಕಿ, ಅದರ ಪಕ್ಕದಲ್ಲಿ ಗೋಣಿಚೀಲ ಹೊದಿಸಿದ ಏನನ್ನೋ ನಿಲ್ಲಿಸಿ ತಮ್ಮಯ್ಯ ಬೀದಿಯವರನ್ನೆಲ್ಲ ಕರೆದಾಗ, ಅವನ ಹೆಂಡತಿ ದೇವೀರಮ್ಮನಿಗೆ ಮೊದಲು ನೆನಪಾದದ್ದು ಮುದ್ದೆ ಕಟ್ಟುವ ಯಂತ್ರ. ಅದನ್ನೂ ಹೀಗೆಯೇ ಗೋಣಿ ಹೊದಿಸಿ, ಹೀಗೆಯೇ ನಾಲ್ಕು ಜನರ ಮುಂದೆ ತೆರೆದಿದ್ದ. ಅದು ಕಟ್ಟಿ ಎಸೆದ ಮೊದಲ ಮುದ್ದೆ ಇವತ್ತಿಗೂ ಅಡುಗೆಮನೆಯ ಜಂತೆಗೆ ಅಂಟಿಕೊಂಡಿತ್ತು. ಗೆದ್ದಲು ಕೂಡ ಅದರ ತಂಟೆಗೆ ಹೋಗಿರಲಿಲ್ಲ.

ಆದರೆ ಈ ಸಲ ಬಯ್ಯುವಂತಿರಲಿಲ್ಲ. ಯಂತ್ರ ಬೇಕೆಂದು ಕೇಳಿದವಳು ಅವಳೇ.

ಮೇಗಳಕೊಪ್ಪಲಿನ ಹಾಲಿನ ಡೇರಿಯ ಹಿಂದುಗಡೆ ಒಂದು ಉದ್ದನೆಯ ಕೋಣೆಯಿತ್ತು. ಹೋದ ಸುಗ್ಗಿಯಿಂದ ಊರಿನ ಕೆಲವು ಹೆಂಗಸರು ಅದರಲ್ಲಿ ಚೀಸು ಮಾಡುತ್ತಿದ್ದರು. ಊರಿನವರು ಅದಕ್ಕೆ ಒಣಗಿಣ್ಣು ಎಂದು ಹೆಸರಿಟ್ಟು, ಮೂಸಿ, ಮುಖ ಹಿಂಡಿ, ತಿಂದವರು ಮಾರನೆಯ ದಿನ ಎದ್ದು ಓಡಾಡುತ್ತಾರೋ ಇಲ್ಲವೋ ಎಂದು ಕಾದು ನೋಡಿದರು. ಮೈಸೂರಿನ ಹೋಟೆಲಿನವರು ಜೀಪು ತಂದು ಕೊಂಡುಹೋಗಲು ಶುರುಮಾಡಿದ ಮೇಲೆ ಬಾಯಿ ಮುಚ್ಚಿಕೊಂಡರು. ಕೆಲಸ ಕಲಿಸಲು ಬಂದವನು ಫ್ರಾನ್ಸ್ ದೇಶದ ಬೆರ್ನಾರ್ ಎಂಬ ಮುದುಕ. ಅಲ್ಲಿನ ಯಾವುದೋ ಬೆಟ್ಟದೂರಿನಲ್ಲಿ ಬದುಕೆಲ್ಲ ಹಸು, ಹಾಲು, ಹೆಪ್ಪು ಎಂದು ಕಳೆದವನು. ಬಡಕಲು, ಉದ್ದ, ಮಾತು ಕಡಿಮೆ. ಊರಿನವರ ಬಾಯಲ್ಲಿ ಅವನು ಬರ್ನಾಡಪ್ಪ. ಹಾಗೆಂದಾಗೆಲ್ಲ ಹಲ್ಲುನೋವು ಬಂದವನಂತೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ.

ಅವನಿಗೆ ಕನ್ನಡ ಬಾರದು. ಇಂಗ್ಲಿಷೂ ಅಷ್ಟಕ್ಕಷ್ಟೆ. ಹೆಂಗಸರಿಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಗಾಲಿಯ ಹಾಗೆ ದುಂಡಗೆ ಅಚ್ಚು ಹಾಕಿದ ಚೀಸನ್ನು ಅವನು ಬೆರಳ ಗೆಣ್ಣಿನಿಂದ ತಟ್ಟಿ, ತೆಂಗಿನಕಾಯಿ ಆರಿಸುವವರ ಹಾಗೆ ಕಿವಿಯೊಡ್ಡಿ, ಕಣ್ಣು ಮುಚ್ಚಿದನೆಂದರೆ ಹದವಾಗಿದೆ ಎಂದರ್ಥ. ಹೆಗಲು ಎತ್ತಿ ತುಟಿ ಉಬ್ಬಿಸಿ ಪುಸ್ಸೆಂದನೆಂದರೆ ಇನ್ನೂ ಹದವಾಗಿಲ್ಲ ಎಂದರ್ಥ. ಅಷ್ಟರಲ್ಲೇ ಆರೇಳು ತಿಂಗಳ ಕೆಲಸ ನಡೆದುಹೋಗಿತ್ತು. ಆ ಕೋಣೆಯ ಬೀಗದ ಕೈ ದೇವೀರಮ್ಮನ ಸೊಂಟದಲ್ಲಿತ್ತು. ಐವತ್ತು ದಾಟಿದ ಅವಳ ಬದುಕಿನಲ್ಲಿ ತಾನೇ ಹಾಕಿ ತಾನೇ ತೆಗೆಯುವ ಬೀಗವೆಂದರೆ ಅದೊಂದೇ.

ಈಗ ಬೆರ್ನಾರ್ ತನ್ನ ದೇಶಕ್ಕೆ ಹೊರಟಿದ್ದ. ಡೇರಿಯ ಕಾರ್ಯದರ್ಶಿ ಚಿಕ್ಕಣ್ಣನಿಗೆ ಮೊದಲಿನಿಂದಲೂ ಆ ಕೋಣೆಯ ಮೇಲೆ ಕಣ್ಣು. ಬೂಸಾ ಮೂಟೆ ಪೇರಿಸಲು ಅಷ್ಟು ತಂಪಾದ ಜಾಗ ಊರಿನಲ್ಲಿ ಇನ್ನೊಂದಿರಲಿಲ್ಲ. ಕಲಿಸುವವನು ತಿರುಗಿ ಬರುವುದಾದರೆ ಕೋಣೆ ಹೆಂಗಸರಿಗೆ, ಬಾರದಿದ್ದರೆ ಬೂಸಾಕ್ಕೆ ಎಂದು ಅವನು ಸಭೆಯಲ್ಲಿ ಒಪ್ಪಿಸಿಬಿಟ್ಟ. ಆಮೇಲೆ ತಾನೇ ಹೋಗಿ ಬೆರ್ನಾರನನ್ನು ಇಂಗ್ಲಿಷಿನಲ್ಲಿ ಕೇಳಿಯೂ ಬಂದ. ಮುದುಕ ಹೆಗಲು ಎತ್ತಿ ಪುಸ್ಸೆಂದನಂತೆ. ಬರುವುದಿಲ್ಲ ಎಂದು ಚಿಕ್ಕಣ್ಣ ಊರಿಗೆಲ್ಲ ಸಾರಿದ.

"ಪುಸ್ ಅಂದ್ರೆ ಬರಾಕಿಲ್ಲ ಅಂತಲ್ಲ, ಇನ್ನೂ ಹದ ಬಂದಿಲ್ಲ ಅಂತ," ಎಂದಳು ದೇವೀರಮ್ಮ. ಅವಳ ಲೆಕ್ಕಾಚಾರ ಬೇರೆಯೇ ಇತ್ತು. ಹೊರಟು ನಿಂತವರಿಗೆ ಆ ಸೀಮೆಯಲ್ಲಿ ಯಾರೂ ಹೋಗು ಎನ್ನುವುದಿಲ್ಲ. ಹೋಗಿ ಬಾ ಎನ್ನುತ್ತಾರೆ. ಸಂತೆಗೆ ಹೋಗುವವನಿಗೂ ಅದೇ, ಬಾವಿಗೆ ಹೋಗುವವಳಿಗೂ ಅದೇ. ಬಾ ಎಂಬ ಮಾತನ್ನು ಕಟ್ಟಿಕೊಡದೆ ಕಳಿಸಿದರೆ ನೆಂಟ ಯಾವ ಮುಖ ಹೊತ್ತು ತಿರುಗಿ ಬಂದಾನು? ಚಿಕ್ಕಣ್ಣ ಕೇಳಿದ್ದು ತನಿಖೆ, ಕರೆದದ್ದಲ್ಲ. ಕರೆಯುವುದಾದರೆ ಆ ಮುದುಕನ ಮಾತಿನಲ್ಲೇ, ಅವನ ಹೊಟ್ಟೆಗೆ ಇಳಿಯುವ ಹಾಗೆ ಕರೆಯಬೇಕು. ಅದಕ್ಕೊಂದು ದಾರಿ ಮಾಡು ಎಂದು ಅವಳು ಗಂಡನಿಗೆ ಹೇಳಿದಳು. ಹೇಳಿದ ಗಳಿಗೆಯಿಂದಲೇ ಒಳಗೊಳಗೆ ಅಳುಕುತ್ತಿದ್ದಳು.

ತಮ್ಮಯ್ಯ ಸುತ್ತಮುತ್ತಲ ಊರುಗಳ ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುವವನು. ಅವನು ಮೊಬೈಲಿನಲ್ಲಿ ಹುಡುಕಿ ಹುಡುಕಿ ಆ ಮಾತನ್ನು ಹಿಡಿದು ತಂದ. ತಿರುಗಿ ಬರುತ್ತೀರಿ ಎಂಬುದಕ್ಕೆ ಫ್ರೆಂಚಿನವರು ಹೇಳುವುದು ಒಂದೇ ಒಂದು ಪದ. ಬರೆದದ್ದನ್ನು ಅವನು ಅಕ್ಷರ ಅಕ್ಷರ ಕೂಡಿಸಿ ರೆವಿಯೆಂಡ್ರೆಜ್ ಎಂದು ಓದಿದ. ಆದರೆ ಮೊಬೈಲಿನೊಳಗಿನ ಹೆಂಗಸು ಅದನ್ನು ಮೂರು ತುಂಡು ಮಾಡಿ ಹ್ರ–ವ್ಯಾಂ–ದ್ರೇ ಎಂದು ಬೇರೆ ಏನನ್ನೋ ಹೇಳಿದಳು.

"ಇದೂ ಒಂದು ಹಸು ಇದ್ದಂಗೆ ಕಣೆ," ಎಂದು ತಮ್ಮಯ್ಯ ವಿವರಿಸಿದ. "ಮುಂದಿರೋದು ತಲೆ, ಅಂದ್ರೆ ತಿರುಗಿ ಅಂತ. ನಡುವೆ ಹೊಟ್ಟೆ, ಅಂದ್ರೆ ಬರೋದು. ಹಿಂದೆ ಬಾಲ, ಅದ್ರಲ್ಲಿ ನೀವು ಅನ್ನೋದು ನೇತಾಡ್ತಾ ಇರ್ತದೆ. ನಾವು ಬರ್ತೀರಿ ಅಂತೀವಲ್ಲ, ಅಂಗೇ."

ಹಾಗಾದರೆ ನಮ್ಮ ಹಾಗೇ ಆಯಿತಲ್ಲ ಎಂದು ದೇವೀರಮ್ಮನಿಗೆ ಸಮಾಧಾನವಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ತಲೆಯನ್ನು ಗಂಟಲಲ್ಲಿ ಹೇಳಬೇಕಂತೆ, ಬಾಯಿ ಮುಕ್ಕಳಿಸುವಾಗ ನೀರು ಗೊರಗುಟ್ಟುವ ಹಾಗೆ. ಹೊಟ್ಟೆಯನ್ನು ಮೂಗಲ್ಲಿ ಹೇಳಬೇಕಂತೆ, ನೆಗಡಿ ಬಂದವರ ಹಾಗೆ. ಬಾಲದ ತುದಿಯ ಅಕ್ಷರವನ್ನಂತೂ ಬರೆದು ನುಂಗಿಬಿಡಬೇಕಂತೆ.

"ನುಂಗೋದಿದ್ರೆ ಬರೆಯೋದ್ಯಾಕೆ?"

"ಅದು ಅವ್ರ ಮರ್ಯಾದೆ."

ಎರಡು ದಿನ ಒಲೆಯ ಮುಂದೆ ಕೂತು ದೇವೀರಮ್ಮ ಗೊರಗುಟ್ಟಿದಳು. ಗಂಟಲಿಗೆ ಹೋದರೆ ಮೂಗು ಮರೆಯುತ್ತಿತ್ತು, ಮೂಗಿಗೆ ಬಂದರೆ ಬಾಲ ಹೊರಗೆ ಉಳಿಯುತ್ತಿತ್ತು. ಆಗ ತಮ್ಮಯ್ಯ, ನಿನ್ನ ಬಾಯಿ ಮೊಂಡಾಗಿದೆ, ಸಾಣೆ ಹಿಡಿಯಬೇಕು ಎಂದು ಕೊಟ್ಟಿಗೆಯ ಮೂಲೆ ಸೇರಿದ. ಮೂರನೆಯ ದಿನ ಗೋಣಿ ಹೊದಿಸಿಕೊಂಡು ಹೊರಬಂದದ್ದೇ ಈ ಬಾಯಿಸಾಣೆ.

ತಮ್ಮಯ್ಯ ಗೋಣಿ ಎಳೆದ. ಒಳಗಿದ್ದದ್ದು ಹಳೆಯ ಹಾಲು ಕರೆಯುವ ಯಂತ್ರ. ಹಸುವಿನ ಮೊಲೆಗೆ ಹಾಕುವ ರಬ್ಬರಿನ ಬಟ್ಟಲುಗಳನ್ನು ಉದ್ದನೆಯ ಕೊಳವೆಗಳಲ್ಲಿ ಜೋತುಬಿಟ್ಟಿದ್ದ. ಒಂದು ಗಂಟಲಿಗೆ, ಒಂದು ಮೂಗಿಗೆ, ಎರಡು ಕೆನ್ನೆಗೆ. ಪಂಪು ತಿರುಗಿದರೆ ಟಕ್, ಟಕ್, ಟಕ್ ಎಂಬ ಮೂರು ಮಿಡಿತದಲ್ಲಿ ಅವು ಒಂದಾದ ಮೇಲೊಂದು ಎಳೆಯುತ್ತವೆ. ಮೊದಲ ಮಿಡಿತಕ್ಕೆ ಗಂಟಲು ನಡುಗುತ್ತದೆ, ಎರಡನೆಯದಕ್ಕೆ ಉಸಿರು ಮೂಗಿಗೆ ಏರುತ್ತದೆ, ಮೂರನೆಯದಕ್ಕೆ ಕೆನ್ನೆ ಒಳಗೆ ಹೋಗಿ ಬಾಲ ಹೊಟ್ಟೆ ಸೇರುತ್ತದೆ. ಮುಂದೊಂದು ಮೈಕು ಮಾತನ್ನು ಕೇಳಿಸಿಕೊಳ್ಳುತ್ತದೆ. ಸರಿಯೋ ತಪ್ಪೋ ಎಂದು ತೂಗಿ ನೋಡುವ ಮಿದುಳೊಂದನ್ನೂ ಅವನು ಕೂರಿಸಿದ್ದ. ಅದು ಡೇರಿಯವರು ಎಸೆದ ಹಾಲು ಪರೀಕ್ಷೆಯ ಡಬ್ಬಿಯಿಂದ ಕಿತ್ತದ್ದು. ಹಾಲಿಗೂ ಮಾತಿಗೂ ಏನು ಸಂಬಂಧ ಎಂದು ಪಕ್ಕದ ಮನೆಯ ಹೊನ್ನಮ್ಮ ಕೇಳಿದಳು. ನೀರು ಬೆರೆತಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದು ಎರಡಕ್ಕೂ ಒಂದೇ ವಿದ್ಯೆ ಎಂದು ತಮ್ಮಯ್ಯ ಗಂಭೀರವಾಗಿ ಹೇಳಿದ.

ಮೊದಲು ತಾನೇ ಕೂತು ತೋರಿಸಿದ. ಬಟ್ಟಲು ಪಚಕ್ಕನೆ ಮೂಗಿಗೆ ಕಚ್ಚಿಕೊಂಡಿತು. ಟಕ್ ಟಕ್ ಟಕ್. ತಮ್ಮಯ್ಯನಿಂದ ಹೊರಟ ಸದ್ದು, ನೀರು ಬತ್ತಿದ ಬೋರ್‌ವೆಲ್ಲಿಗೆ ಗಾಳಿ ಸಿಕ್ಕಿಕೊಂಡಾಗ ಬರುವಂಥದು. ಡಬ್ಬಿಯೊಳಗಿನ ಹೆಣ್ಣುದನಿ ಸ್ವಲ್ಪ ಯೋಚಿಸಿ, "ಫ್ಯಾಟು ಒಂದೂವರೆ. ನೀರು ಬೆರೆತಿದೆ. ಹಾಲು ವಾಪಸ್ಸು," ಎಂದಿತು. ಬೀದಿಯವರು ಬಿದ್ದು ಬಿದ್ದು ನಕ್ಕರು. ತನ್ನ ಹಾಲಿಗೆ ಹಿಂದೆ ಅದೇ ದನಿ ಅದೇ ಮಾತನ್ನು ಹೇಳಿದ್ದು ನೆನಪಾಗಿ ಹೊನ್ನಮ್ಮ ಮಾತ್ರ ನಗಲಿಲ್ಲ.

ಆಮೇಲೆ ದೇವೀರಮ್ಮ ಕೂತಳು. ಗಂಟಲು, ಮೂಗು, ಕೆನ್ನೆ ಮೂರನ್ನೂ ಮೂರು ಕಡೆಯಿಂದ ಯಾರೋ ಜಗ್ಗಿದಂತಾಯಿತು. ಕಣ್ಣಲ್ಲಿ ನೀರು ಬಂತು. ಆದರೂ ಬಾಯಿಂದ ಹೊರಟದ್ದು ಮೊಬೈಲಿನ ಹೆಂಗಸು ಹೇಳಿದ್ದರ ಹತ್ತಿರ ಹತ್ತಿರಕ್ಕೆ ಬಂದಿತ್ತು. "ಫ್ಯಾಟು ಎರಡೂಮುಕ್ಕಾಲು," ಎಂದಿತು ಡಬ್ಬಿ. "ನೀರು ಬೆರೆತಿದೆ. ಮತ್ತೊಮ್ಮೆ."

ಆಗ ಕೊಟ್ಟಿಗೆಯಿಂದ ಚೊರಚೊರ ಸದ್ದು ಕೇಳಿಸಿತು. ಹಸು ಕೆಂದಿ ಮೆಲುಕು ಹಾಕುವುದನ್ನು ಬಿಟ್ಟು, ಕಿವಿ ನಿಮಿರಿಸಿ, ಕಾಲಗಲಿಸಿ ನಿಂತಿದ್ದಳು. ನಾಲ್ಕು ಮೊಲೆಯಿಂದಲೂ ಹಾಲು ತಾನಾಗಿ ನೆಲಕ್ಕೆ ಸುರಿಯುತ್ತಿತ್ತು. ಬೆಳಗ್ಗೆ ಸಂಜೆ ಈ ಟಕ್ ಟಕ್ ಕೇಳಿಯೇ ಕರೆಸಿಕೊಂಡ ಹಸು. ಸದ್ದು ಬಂತೆಂದರೆ ಹೊತ್ತು ಬಂತೆಂದು ಅದು ತಿಳಿದುಬಿಟ್ಟಿತ್ತು. ದೇವೀರಮ್ಮ ಬಟ್ಟಲು ಕಚ್ಚಿಕೊಂಡ ಮೂಗಿನಲ್ಲೇ ಗಂಡನನ್ನು ಬಯ್ದು, ತಂಬಿಗೆ ತರಲು ಓಡಹೊರಟಳು. ಓಡಲಾಗಲಿಲ್ಲ. ಬಟ್ಟಲುಗಳು ಬಿಡಲಿಲ್ಲ.

"ಬಿಚ್ಚಯ್ಯ ಇದ್ನ!"

"ಬಿಚ್ಚಾಕಾಗಲ್ಲ ಕಣೆ. ಕಲಿಯೋರು ಅರ್ಧಕ್ಕೇ ಎದ್ದು ಹೋಗ್ಬಾರ್ದು ಅಂತ ಅಂಗೆ ಮಾಡಿವ್ನಿ. ನೀನು ಸರಿಯಾಗಿ ಅಂದ್ರೆ ಅದೇ ಬಿಡ್ತದೆ."

ತಮ್ಮಯ್ಯ ತಾನು ಹೇಗೆ ಬಿಡಿಸಿಕೊಂಡೆ ಎಂಬುದನ್ನು ಆಮೇಲೆ ಒಪ್ಪಿಕೊಂಡ. ಅವನ ಮೂಗಿಗೆ ಬೆವರು ಜಾಸ್ತಿ, ಬಟ್ಟಲು ಜಾರಿತ್ತು ಅಷ್ಟೆ. ದೇವೀರಮ್ಮನ ಮುಖ ಒಣಮುಖ. ಬಿಸಿಲು ಕೊಟ್ಟಿಗೆಯ ಹೆಂಚಿನಿಂದ ಇಳಿದು ಗೋಡೆಗೆ ಬರುವವರೆಗೂ ಅವಳು ಅಲ್ಲೇ ಕೂತು ಹ್ರ–ವ್ಯಾಂ–ದ್ರೇ ಎನ್ನುತ್ತಲೇ ಇದ್ದಳು. ಡಬ್ಬಿ ನೀರು ಬೆರೆತಿದೆ ಎನ್ನುತ್ತಲೇ ಇತ್ತು. ಹೊನ್ನಮ್ಮ ಬಂದು ಅವಳಿಗೆ ಕೊಳವೆಗಳ ನಡುವಿನಿಂದ ಮಜ್ಜಿಗೆ ಕುಡಿಸಿದಳು. ಕೊನೆಗೆ ಸಾಕಾಗಿ, ಇನ್ನು ನೀನು ಬಂದರೆ ಬಾ ಬಿಟ್ಟರೆ ಬಿಡು ಎಂಬ ಹಾಗೆ ಅವಳು ಒಂದು ಸಲ ಸುಮ್ಮನೆ ಅಂದಳು. "ಫ್ಯಾಟು ಮೂರೂವರೆ. ಹಾಲು ಸ್ವೀಕರಿಸಲಾಗಿದೆ," ಎಂದಿತು ಡಬ್ಬಿ. ಟಕ್ ಟಕ್ ನಿಂತು, ಬಟ್ಟಲುಗಳು ಪಟಪಟನೆ ಉದುರಿದವು.

ಸಂಜೆ ಡೇರಿಯ ಸಾಲಿನಲ್ಲಿ ಅವಳ ಕೆನ್ನೆಯ ಎರಡು ಕೆಂಪು ಬಳೆಗಳನ್ನೂ ಮೂಗಿನ ಸುತ್ತಲಿನ ಉಂಗುರವನ್ನೂ ಕಂಡು ಒಬ್ಬೊಬ್ಬರು ಒಂದೊಂದು ಕೇಳಿದರು. ಜೇನು ಕಚ್ಚಿತೆ ಎಂದವರುಂಟು. ತಮ್ಮಯ್ಯ ಯಾಕೆ ಹೀಗೆ ಹೊಡೆದ, ಅದೂ ಲೋಟದಲ್ಲಿ, ಎಂದವರೂ ಉಂಟು. ಅವಳಿಗೆ ಉತ್ತರ ಕೊಡಲು ನಾಲಿಗೆ ಹೊರಳಲಿಲ್ಲ. ಬಾಯಿ ಮೂರು ಮಿಡಿತಕ್ಕೆ ಒಗ್ಗಿಬಿಟ್ಟಿತ್ತು. ಅಂಗಡಿಯಲ್ಲಿ ಬೆಲ್ಲ ಕೇಳಿದರೆ ಗಂಟಲಲ್ಲಿ ಶುರುವಾಗಿ ಮೂಗಲ್ಲಿ ಹಾದು ಎಲ್ಲೋ ಮಾಯವಾಗುತ್ತಿತ್ತು. ಕೋಳಿಗಳನ್ನು ಕರೆದರೆ ಕೋಳಿಗಳು ಅವಳನ್ನು ದಿಟ್ಟಿಸಿ ನೋಡಿ ಹೊನ್ನಮ್ಮನ ಮನೆಗೆ ಹೋದವು. ಗಂಡನಿಗೆ ಬಯ್ಯುವಾಗಲಂತೂ ಬಯ್ಗುಳದ ಕೊನೆಯೇ ಹೊರಗೆ ಬರುತ್ತಿರಲಿಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ ಊಟ ಸೊಗಸಾಗಿ ಸೇರಿತು ಎಂದು ತಮ್ಮಯ್ಯ ಹೇಳಿದ. ಅವಳು ಸೌಟು ಎಸೆದಳು. ಸೌಟಿಗೆ ಉಚ್ಚಾರಣೆಯ ತೊಂದರೆ ಇರಲಿಲ್ಲ.

ಆದರೂ ಮಾರನೆಯ ದಿನ ಅವಳು ತಾನಾಗಿ ಹೋಗಿ ಕುರ್ಚಿಯಲ್ಲಿ ಕೂತಳು. ಅಂದು ಬೆಳಗ್ಗೆ ಡೇರಿಗೆ ಹೋದಾಗ ಚೀಸಿನ ಕೋಣೆಯ ಬಾಗಿಲ ಎರಡೂ ಕಡೆ ಬೂಸಾ ಮೂಟೆಗಳು ಬಂದು ಕೂತಿದ್ದವು. ಒಂದರ ಮೇಲೊಂದು, ಒಳಗೆ ಹೋಗಲು ಕಾದಿರುವ ನೆಂಟರ ಹಾಗೆ. ಬರ್ನಾಡಪ್ಪ ಇನ್ನೂ ಹೊರಟಿಲ್ಲವಲ್ಲ ಎಂದು ಅವಳು ಕೇಳಿದ್ದಕ್ಕೆ ಚಿಕ್ಕಣ್ಣ, ಮೊದಲೇ ತಂದಿಟ್ಟರೆ ಹೊರೆಯಾಳಿನ ಖರ್ಚು ಉಳಿಯುತ್ತದೆ ಎಂದ. ಬೀಗದ ಕೈಯನ್ನು ಬೀಳ್ಕೊಡುಗೆಯ ದಿನವೇ ಕೊಟ್ಟುಬಿಡು ಎಂದೂ ಸೇರಿಸಿದ. ಅವಳು ಬೀಗ ತೆಗೆದದ್ದೇ ಬೆರ್ನಾರ್ ಒಳಗೆ ಹೋಗಿ ಗಾಲಿಗಳನ್ನು ಒಂದೊಂದಾಗಿ ತಿರುಗಿಸಿಡತೊಡಗಿದ. ನಡುವೆ ತಿರುಗಿ ಅವಳ ಕೆನ್ನೆಯ ಬಳೆಗಳನ್ನು ಕಂಡು, ತನ್ನ ಕೆನ್ನೆಯ ಮೇಲೆ ಬೆರಳಿನಿಂದ ಎರಡು ಸುತ್ತು ಬರೆದು ಹುಬ್ಬೇರಿಸಿದ.

ಬೀಳ್ಕೊಡುಗೆ ಇಟ್ಟದ್ದು ಎರಡು ದಿನ ಕಳೆದು, ಮಧ್ಯಾಹ್ನ, ಡೇರಿಯ ಮುಂದಿನ ಬಯಲಿನಲ್ಲಿ. ಶಾಮಿಯಾನ, ಹಾರ, ಬಾಳೆಹಣ್ಣು, ಡೇರಿಯ ಮಾಡಿನ ಮೇಲೆ ಧ್ವನಿವರ್ಧಕದ ತುತ್ತೂರಿ. ಬೆರ್ನಾರನನ್ನು ಕರೆದೊಯ್ಯಲು ಬಂದ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಬಟ್ಟಲು ಇಲ್ಲದೆ ಆ ಮಾತು ಹೊರಡುತ್ತದೋ ಇಲ್ಲವೋ ಎಂದು ದೇವೀರಮ್ಮ ಹೆದರಿದ್ದರಿಂದ ತಮ್ಮಯ್ಯ ಯಂತ್ರವನ್ನು ಗಾಡಿಯಲ್ಲಿ ಹೇರಿ ತಂದಿದ್ದ. ಬರೀ ತಂದಿದ್ದರೆ ಸಾಕಿತ್ತು. ಹಿಂದೆ ಕೂತವರಿಗೂ ಕೇಳಿಸಲಿ ಎಂದು ಅದರ ಮೈಕನ್ನು ತುತ್ತೂರಿಗೆ ಜೋಡಿಸಿದ. ಕರೆಂಟು ಹೋದರೆ ಮರ್ಯಾದೆ ಹೋಗುತ್ತದೆಂದು ಟ್ರಾಕ್ಟರಿನ ಬ್ಯಾಟರಿಯನ್ನೂ ಕೂಡಿಸಿದ. ಸಮಾರಂಭವಲ್ಲವೇ ಎಂದು ಎಳೆತವನ್ನು ಒಂದು ಸುತ್ತು ಜಾಸ್ತಿಯೂ ಮಾಡಿದ.

ಚಿಕ್ಕಣ್ಣ ಯಂತ್ರವನ್ನು ನೋಡಿದ, ದೇವೀರಮ್ಮನನ್ನು ನೋಡಿದ, ಜನರನ್ನು ನೋಡಿದ. ಕಾರ್ಯದರ್ಶಿ ಇರುವಾಗ ಹೆಂಗಸೊಬ್ಬಳು ಫ್ರೆಂಚು ಮಾತಾಡುವುದು ಅವನಿಗೆ ಸರಿಕಾಣಲಿಲ್ಲ. ಸಂಘದ ಪರವಾಗಿ ಆ ಮಾತನ್ನು ತಾನೇ ಆಡುವುದಾಗಿ ಹೇಳಿದ. ದೇವೀರಮ್ಮ ಬೇಡವೆಂದಳು. ತಮ್ಮಯ್ಯನೂ ಎರಡು ಸಲ ಬೇಡವೆಂದ.

"ಇಷ್ಟುದ್ದ ಮಾತಿಗೆ ಅಷ್ಟುದ್ದ ಕತೆ ಯಾಕ್ರಪ್ಪ," ಎಂದು ಚಿಕ್ಕಣ್ಣ ಕುರ್ಚಿಯಲ್ಲಿ ಕೂತು, ಬಟ್ಟಲುಗಳನ್ನು ತಾನೇ ಎತ್ತಿ ಮುಖಕ್ಕೆ ಹಾಕಿಕೊಂಡ.

ಹಾಕಿಕೊಳ್ಳುವಾಗ ಮೀಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂಗಿನ ಬಟ್ಟಲು ಮೀಸೆಯ ಎಡಭಾಗವನ್ನು ಪೂರಾ ಒಳಗೆ ಎಳೆದುಕೊಂಡಿತು. ಟಕ್ ಎಂದು ತುತ್ತೂರಿ ಊರಿಗೆಲ್ಲ ಸಾರಿತು. ಟಕ್. ಟಕ್. ಚಿಕ್ಕಣ್ಣ ಕೂಗಿಕೊಂಡ. ಕೂಗು ಗಂಟಲಲ್ಲಿ ಹುಟ್ಟಿ ಮೂಗಲ್ಲಿ ಏರಿ ಕೆನ್ನೆಯಲ್ಲಿ ಮುಗಿದದ್ದರಿಂದ ಅದೂ ಹೆಚ್ಚುಕಡಿಮೆ ಫ್ರೆಂಚಿನ ಹಾಗೆಯೇ ಕೇಳಿಸಿತು.

"ಫ್ಯಾಟು ಅರ್ಧ. ಪೂರ್ತಿ ನೀರು. ಹಾಲು ವಾಪಸ್ಸು. ಮತ್ತೊಮ್ಮೆ," ಎಂದು ಮಾಡಿನ ಮೇಲಿನಿಂದ ಡಬ್ಬಿ ಘೋಷಿಸಿತು. ಊರಿನ ಎಲ್ಲರ ಹಾಲಿಗೂ ಆ ಮಾತು ಹೇಳುತ್ತ ಬಂದ ಚಿಕ್ಕಣ್ಣನಿಗೆ ಅದನ್ನು ಹೇಳಿಸಿಕೊಳ್ಳುವ ಯೋಗ ಬಂದದ್ದು ಅಂದೇ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ತಮ್ಮಯ್ಯ ವೈರು ಕಿತ್ತ. ಬ್ಯಾಟರಿ ವಹಿಸಿಕೊಂಡಿತು. ಬ್ಯಾಟರಿಯ ವೈರನ್ನು ಎಲ್ಲಿ ಸೇರಿಸಿದ್ದೆನೆಂದು ಗಡಿಬಿಡಿಯಲ್ಲಿ ಮರೆತು ಬೇರೊಂದನ್ನು ಎಳೆದ. ಟಕ್ ಟಕ್ ಇನ್ನಷ್ಟು ಜೋರಾಯಿತು.

ಮೊದಲು ಬಂದವಳು ಕೆಂದಿ. ಗೂಟವನ್ನು ಹಗ್ಗದ ಸಮೇತ ಎಳೆದುಕೊಂಡು, ಬೀದಿಯುದ್ದಕ್ಕೂ ಹಾಲಿನ ಗೆರೆ ಬಿಡಿಸುತ್ತ ಬಂದು ಶಾಮಿಯಾನದ ಕಂಬದ ಪಕ್ಕ ಕಾಲಗಲಿಸಿ ನಿಂತಳು. ಅವಳ ಹಿಂದೆ ಹೊನ್ನಮ್ಮನ ಹಸು. ಆಮೇಲೆ ಮೇಲಿನ ಬೀದಿಯವು, ಕೆಳಗಿನ ಬೀದಿಯವು, ನಾಲೆಯ ಏರಿಯ ಮೇಲೆ ಮೇಯುತ್ತಿದ್ದವು. ಆ ಊರಿನ ಕೊಟ್ಟಿಗೆಗಳಲ್ಲೆಲ್ಲ ತಮ್ಮಯ್ಯ ರಿಪೇರಿ ಮಾಡಿದ ಯಂತ್ರಗಳೇ ಇದ್ದವು, ಎಲ್ಲವಕ್ಕೂ ಅದೇ ಟಕ್ ಟಕ್. ಊರಿನ ಸಮಸ್ತ ಹಸುಗಳಿಗೂ ಮಟಮಟ ಮಧ್ಯಾಹ್ನ ಹಾಲು ಕರೆಯುವ ಹೊತ್ತು ಬಂದುಬಿಟ್ಟಿತ್ತು. ಹಾರಕ್ಕೆ ಬಾಯಿ ಹಾಕಿದ್ದು ಒಂದು, ಬಾಳೆಹಣ್ಣಿನ ಬುಟ್ಟಿಗೆ ಇಳಿದದ್ದು ಇನ್ನೊಂದು. ಉಳಿದವು ಸಾಲಾಗಿ ನಿಂತು, ಇನ್ನೂ ಯಾಕೆ ತಡ ಎಂಬಂತೆ ಜನರ ಮುಖ ನೋಡುತ್ತಿದ್ದವು. ಬಯಲೆಲ್ಲ ಚೊರಚೊರ.

ಬೀಳ್ಕೊಡುಗೆ ಹೋಗಲಿ, ಕೋಣೆ ಹೋಗಲಿ, ಆ ಗಳಿಗೆಯಲ್ಲಿ ದೇವೀರಮ್ಮನ ಕಣ್ಣಿಗೆ ಕಂಡದ್ದು ಹಸುಗಳು ಮಾತ್ರ. ತೊರೆಬಿಟ್ಟ ಹಾಲನ್ನು ಆಗಿಂದಾಗಲೇ ಕರೆಯದಿದ್ದರೆ ಕೆಚ್ಚಲು ಕಟ್ಟುತ್ತದೆ, ಬಾವು ಬರುತ್ತದೆ. ಕರೆಯೋಣವೆಂದರೆ ಈ ಸದ್ದು ನಿಲ್ಲುವವರೆಗೆ ಹಸು ಬರುತ್ತಲೇ ಇರುತ್ತವೆ, ಅಷ್ಟಕ್ಕೆ ಜನ ಸಾಲರು. ಸದ್ದು ನಿಲ್ಲಬೇಕಾದರೆ ಡಬ್ಬಿಗೆ ಒಪ್ಪಿಗೆಯಾಗುವ ಮಾತು ಬೇಕು. ಚಿಕ್ಕಣ್ಣನಿಂದ ಅದು ಈ ಜನ್ಮದಲ್ಲಿ ಆಗುವುದಲ್ಲ. ಅವಳು ಸೆರಗು ಸಿಕ್ಕಿಸಿ, ಹಸುಗಳ ನಡುವೆ ನುಗ್ಗಿ, ಮೈಕನ್ನು ಕಿತ್ತು ಬಾಯಿಗೆ ಹಿಡಿದಳು. ಬಟ್ಟಲಿಲ್ಲ, ಕೊಳವೆಯಿಲ್ಲ. ತಲೆಯೋ ಹೊಟ್ಟೆಯೋ ಬಾಲವೋ ಎಂದು ಯೋಚಿಸಲು ಪುರುಸೊತ್ತೂ ಇಲ್ಲ.

"ಹ್ರ–ವ್ಯಾಂ–ದ್ರೇ!"

ತುತ್ತೂರಿ ಅದನ್ನು ನಾಲೆಯ ಆಚೆಗೂ ಮುಟ್ಟಿಸಿತು. ಡಬ್ಬಿ ಎಂದಿಗಿಂತ ಹೆಚ್ಚು ಹೊತ್ತು ಯೋಚಿಸಿತು. "ಫ್ಯಾಟು ನಾಲ್ಕೂಮುಕ್ಕಾಲು," ಎಂದಿತು. "ಉತ್ತಮ ಹಾಲು. ಸ್ವೀಕರಿಸಲಾಗಿದೆ. ವಂದನೆಗಳು." ಬಟ್ಟಲುಗಳು ಚಿಕ್ಕಣ್ಣನ ಮುಖದಿಂದ ಉದುರಿದವು. ಮೀಸೆಯ ಎಡಭಾಗ ಅವುಗಳ ಜೊತೆಗೇ ಹೋಯಿತು. ಟಕ್ ಟಕ್ ನಿಂತು, ಬಯಲಿನಲ್ಲಿ ಹಾಲು ಸುರಿಯುವ ಸದ್ದೊಂದೇ ಉಳಿಯಿತು.

ಹಾರ ಹಾಕಿಸಿಕೊಂಡು ಕೂತಿದ್ದ ಬೆರ್ನಾರ್ ಎದ್ದು ನಿಂತಿದ್ದ. ಆರೇಳು ತಿಂಗಳಲ್ಲಿ ಮೊದಲ ಸಲ ತನ್ನ ಮಾತು ಕಿವಿಗೆ ಬಿದ್ದದ್ದು. ಅವನು ದೇವೀರಮ್ಮನನ್ನು ನೋಡಿದ, ಅವಳ ಕೆನ್ನೆಯ ಬಳೆಗಳನ್ನು ನೋಡಿದ, ಕೆಳಗೆ ಬಿದ್ದಿದ್ದ ಬಟ್ಟಲುಗಳನ್ನು ನೋಡಿದ. ಬಳೆ ಯಾಕೆ ಮೂಡಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ಹೆಗಲು ಎತ್ತಲಿಲ್ಲ, ಪುಸ್ಸೆನ್ನಲೂ ಇಲ್ಲ. ಕೊರಳ ಹಾರ ತೆಗೆದು ಹತ್ತಿರದ ಹಸುವಿಗೆ ತಿನ್ನಲು ಕೊಟ್ಟು, ಕೋಟು ಬಿಚ್ಚಿ ಕಾರಿನ ಮೇಲೆಸೆದು, ತೋಳು ಮಡಿಸಿ ಕೆಂದಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

ಆಮೇಲಿನದು ಗದ್ದಲ. ತಂಬಿಗೆ, ಬಿಂದಿಗೆ, ಬಕೆಟ್ಟು, ಪಾಯಸಕ್ಕೆಂದು ತಂದಿದ್ದ ಹಂಡೆ, ಕೈಗೆ ಸಿಕ್ಕಿದ್ದೆಲ್ಲ ಹೊರಗೆ ಬಂತು. ಭಾಷಣಕ್ಕೆ ಸಿದ್ಧರಾಗಿ ಬಂದವರು ಪಂಚೆ ಕಟ್ಟಿ ಹಾಲು ಕರೆದರು. ಕರೆದ ಮೇಲೆ ಎಲ್ಲಿಗೆ ಸುರಿಯುವುದು ಎಂಬುದು ತಿಳಿಯಲಿಲ್ಲ. ಡೇರಿಯ ತಂಪುತೊಟ್ಟಿ ಬೆಳಗಿನ ಹಾಲಿನಿಂದಲೇ ತುಂಬಿತ್ತು, ಲಾರಿ ಬರುವುದು ಸಂಜೆಗೆ. ಆ ಬಿಸಿಲಿನಲ್ಲಿ ಅಷ್ಟು ಹೊತ್ತು ಬಿಟ್ಟರೆ ಊರಿನ ಒಂದು ಹೊತ್ತಿನ ಹಾಲೆಲ್ಲ ಒಡೆದುಹೋಗುತ್ತದೆ. ಎಲ್ಲರೂ ಚಿಕ್ಕಣ್ಣನ ಕಡೆ ನೋಡಿದರು. ಚಿಕ್ಕಣ್ಣ ಮೇಲುತುಟಿ ಮುಚ್ಚಿಕೊಂಡು ಕೂತಿದ್ದ.

ಆಗ ದೇವೀರಮ್ಮ ಸೊಂಟದಿಂದ ಬೀಗದ ಕೈ ತೆಗೆದಳು. ಅಷ್ಟರಲ್ಲಿ ಬೂಸಾ ಮೂಟೆಗಳು ಕೋಣೆಯ ಬಾಗಿಲಿಗೆ ಅಡ್ಡವಾಗಿಯೂ ಬಂದು ಕೂತಿದ್ದವು. ಅವನ್ನು ಎತ್ತಿ ಬಯಲಿಗೆ ಹಾಕಿ ಎಂದು ಅವಳು ಯಾರನ್ನೂ ಕೇಳದೆ ಹೇಳಿದಳು. ಹೊತ್ತವರಲ್ಲಿ ಚಿಕ್ಕಣ್ಣನೂ ಒಬ್ಬ. ಹಸುಗಳಿಗೆ ಅದರಿಂದ ಸಂತೋಷವೇ ಆಯಿತು.

ಸಂಜೆಯವರೆಗೂ ಕೋಣೆಯಲ್ಲಿ ಹಬೆ ಆಡಿತು. ಹಾಲು ಕಾಯಿಸಿದರು, ಹೆಪ್ಪು ಹಾಕಿದರು, ಕತ್ತರಿಸಿದರು, ಹಿಂಡಿದರು. ಅಚ್ಚುಗಳು ಸಾಲದೆ ಹೊನ್ನಮ್ಮ ಮನೆಯ ಇಡ್ಲಿ ಪಾತ್ರೆ ತಂದಳು. ಕಾರಿನವನು ಹಾರನ್ನು ಬಾರಿಸಿ ಬಾರಿಸಿ ಬೇಸತ್ತು, ತಾನೂ ಒಳಗೆ ಬಂದು ಮೊಸರುಗಡ್ಡೆ ಹಿಂಡಿದ. ಹಲಗೆಗಳೆಲ್ಲ ತುಂಬಿ, ನೆಲ ತುಂಬಿ, ಕೊನೆಗೆ ಚಿಕ್ಕಣ್ಣನ ಕಚೇರಿಯ ಮೇಜನ್ನು ಒಳಕ್ಕೆ ತಂದು ಅದರ ಮೇಲೂ ಗಾಲಿಗಳನ್ನಿಟ್ಟರು. ಇವು ಹದಕ್ಕೆ ಬರಲು ಎಷ್ಟು ದಿನ ಬೇಕು ಎಂದು ಚಿಕ್ಕಣ್ಣ ಕೈಸನ್ನೆಯಲ್ಲಿ ಕೇಳಿದ. ಬೆರ್ನಾರ್ ಒಂದನ್ನು ತಟ್ಟಿ, ಕಿವಿಗೊಟ್ಟು, ಹೆಗಲು ಎತ್ತಿ ಪುಸ್ಸೆಂದ.

"ಹದ ಬರೋವರ್ಗೂ ಮುಟ್ಟಂಗಿಲ್ಲ," ಎಂದಳು ದೇವೀರಮ್ಮ. "ಹದ ನೋಡಾಕೆ ಅವ್ರೇ ಬರ್ಬೇಕು."

ಮಾರನೆಯ ಬೆಳಗ್ಗೆ ಬೆರ್ನಾರ್ ಹೊರಟ. ಹಾರ ಇರಲಿಲ್ಲ, ಶಾಮಿಯಾನವೂ ಇರಲಿಲ್ಲ. ದೇವೀರಮ್ಮನಿಗೆ ಈಗ ಅವನ ಮಾತು ಯಂತ್ರವಿಲ್ಲದೆಯೂ ಬರುತ್ತಿತ್ತು. ಆದರೆ ಕಾರಿನ ಬಾಗಿಲ ಹತ್ತಿರ ನಿಂತಾಗ ಅವಳ ಬಾಯಿಂದ ಬಂದದ್ದು, ಸಂತೆಗೆ ಹೋಗುವವರಿಗೆ ಹೇಳುವಷ್ಟೇ ಸಲೀಸಾಗಿ, ಹೋಗಿ ಬನ್ನಿ ಎಂದು. ಮುದುಕ ಕಾರಿನ ಬಾಗಿಲ ಮೇಲಿನ ಕೈ ತೆಗೆದು ಅವಳ ಕಡೆ ತಿರುಗಿದ. ಇಷ್ಟು ತಿಂಗಳು ಹೆಂಗಸರು ಮನೆಗೆ ಹೊರಡುವಾಗಲೆಲ್ಲ ಬಾಗಿಲಲ್ಲಿ ನಿಂತು ಆಡುತ್ತಿದ್ದ ಮಾತು ಅವನ ಕಿವಿಯಲ್ಲಿ ಎಲ್ಲೋ ಉಳಿದಿತ್ತೆಂದು ಕಾಣುತ್ತದೆ.

"ಬತ್ತೀನಿ," ಎಂದ. ಗಂಟಲಿನಿಂದಲ್ಲ, ಮೂಗಿನಿಂದಲ್ಲ. ಬಾಲವನ್ನೂ ನುಂಗದೆ ಪೂರ್ತಿ ಹೇಳಿದ.

ತಮ್ಮಯ್ಯ ಅಂದೇ ಬಾಯಿಸಾಣೆಯನ್ನು ಬಿಚ್ಚಿ ಬಿಡಿಭಾಗ ಮಾಡಿ ಅಟ್ಟಕ್ಕೆ ಹಾಕಿದ. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಒಂದು ಮಧ್ಯಾಹ್ನ ಹೊನ್ನಮ್ಮ ನಗೆಗೆಂದು ದೇವೀರಮ್ಮನ ಹಾಗೆ ಆ ಪದವನ್ನು ಅಂದಾಗ ಕೊಟ್ಟಿಗೆಯಲ್ಲಿ ಚೊರಚೊರ ಎಂದಿತು. ತುತ್ತೂರಿಯಲ್ಲಿ ಅಷ್ಟು ದೊಡ್ಡದಾಗಿ ಕೇಳಿದ ಮೇಲೆ ಹಸು ಯಾಕೆ ಮರೆತಾವು? ಮೇಗಳಕೊಪ್ಪಲಿನ ಹಸುಗಳಿಗೆ ಟಕ್ ಟಕ್ ಬೇಕಾಗಿಯೇ ಇರಲಿಲ್ಲ, ಆ ಪದವೊಂದೇ ಸಾಕಾಗಿತ್ತು. ಕರೆಂಟಿಲ್ಲದ ದಿನ ಅದರಿಂದ ಉಪಕಾರವೂ ಆಯಿತು. ಬೆಳಗ್ಗೆ ಸಂಜೆ ಬಿಟ್ಟು ಬೇರೆ ಹೊತ್ತಿನಲ್ಲಿ ಊರಿನಲ್ಲಿ ಯಾರೂ ಫ್ರೆಂಚು ಮಾತಾಡಕೂಡದು ಎಂದು ಡೇರಿಯ ಸಭೆಯಲ್ಲಿ ಗೊತ್ತುವಳಿಯಾಯಿತು. ಅರ್ಧ ಮೀಸೆ ಬೆಳೆಯುತ್ತಿದ್ದ ಚಿಕ್ಕಣ್ಣನೇ ಅದನ್ನು ಮಂಡಿಸಿದ.

ಸುಗ್ಗಿ ಮುಗಿದು, ಕಣಗಳು ಖಾಲಿಯಾಗಿ, ಬಿಸಿಲು ಚುರುಗುಟ್ಟಲು ಶುರುವಾದಾಗ ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಕಾರು ನಿಂತಿತು. ಬೆರ್ನಾರ್ ಇಳಿದ. ಅವನಿಗೆ ಗೊತ್ತುವಳಿ ಯಾರು ತಿಳಿಸಿದ್ದರು? ಚೀಸಿನ ಕೋಣೆಯ ಬಾಗಿಲಲ್ಲಿ ದೇವೀರಮ್ಮನನ್ನು ಕಂಡದ್ದೇ, ಎರಡೂ ಕೈ ಮೇಲೆತ್ತಿ, ಅವಳು ಅಂದು ಕರೆದ ಮಾತನ್ನೇ ಅವಳಿಗೆ ತಿರುಗಿಸಿ ಒಪ್ಪಿಸುವವನಂತೆ, ಬೆಟ್ಟದೂರಿನ ತನ್ನ ದೊಡ್ಡ ಗಂಟಲಿನಲ್ಲಿ ಕೂಗಿಬಿಟ್ಟ.

"ಹ್ರ–ವ್ಯಾಂ–ದ್ರೇ!"

ಮೇಲಿನ ಬೀದಿಯಲ್ಲಿ ಒಂದು ಗೂಟ ಕಿತ್ತ ಸದ್ದು ಕೇಳಿಸಿತು. ಆಮೇಲೆ ಕೆಳಗಿನ ಬೀದಿಯಲ್ಲಿ. ಚಿಕ್ಕಣ್ಣ ಕಚೇರಿಯಿಂದ ಹೊರಬಂದು, ರಸ್ತೆಯನ್ನೊಮ್ಮೆ ನೋಡಿ, ತನ್ನ ಮೇಜನ್ನು ತಾನೇ ಹೊತ್ತು ಚೀಸಿನ ಕೋಣೆಯತ್ತ ನಡೆದ. ಇದೆಲ್ಲ ಯಾರ ತಪ್ಪು ಎಂದು ತಮ್ಮಯ್ಯ ಹೆಂಡತಿಯ ಮುಖ ನೋಡಿದ.

ದೇವೀರಮ್ಮ ತಂಬಿಗೆ ಎತ್ತಿಕೊಂಡಳು.

"ಬನ್ನಿ ಅಂದೋಳು ನಾನೇ," ಎಂದಳು. "ಹೊತ್ತು ಹೇಳೋದು ಮರ್ತಿದ್ದೆ."